ಡಬ್ಬಕ್ಕಿಂತ ಉದ್ದದ ಸರಪಳಿ

ಜನವರಿ 6, ಬೆಳಿಗ್ಗೆ

ಇವತ್ತೂ ಗೂನು ಬಂದಿಲ್ಲ. ಬ್ಯಾಗ್ ಕೆಳಗಿಡುವ ಮೊದಲೇ ಸ್ಕ್ರೀನ್ ನೋಡಿದೆ. ಗೆರೆ ಏರಿದೆ, ನಿಧಾನಕ್ಕೆ ಬಾಗಿದೆ, ಸುಮ್ಮನಾಗಿದೆ. ಒಂಟೆ ಬೆನ್ನು ಕೇಳಿದರೆ ಕತ್ತೆ ಬೆನ್ನು ಕೊಟ್ಟಿದೆ. ಫೈನ್. ಪ್ಯಾನಿಕ್ ಆಗಬಾರದು.

ನಿನ್ನ ಕೆಲಸ ಏನು ಅಂತ ಅಮ್ಮ ಮೊನ್ನೆ ಮತ್ತೆ ಕೇಳಿದಳು. ಮಣಿ ಪೋಣಿಸಿದ ಸರ ಅಂದುಕೋ ಅಂದೆ. ದಾರದ ಬದಲು ತಂತಿ. ಅದನ್ನು ನೀರಿನಲ್ಲಿ ಬಿಟ್ಟರೆ ಹೇಗೆ ಬಳುಕುತ್ತದೆ, ಎಷ್ಟು ಚಾಚುತ್ತದೆ, ಅದನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು. ಸರ ಅಂದರೆ ಪಾಲಿಮರ್ ಸರಪಳಿ. ನಮ್ಮದು ನೂಲಿನ ಹಾಗೆ ಮುದುಡುವ ಜಾತಿಯಲ್ಲ, ಹಾಸ್ಟೆಲ್ ವಾರ್ಡನ್ ಬೆತ್ತದ ಹಾಗೆ ಸೆಟೆದುಕೊಂಡದ್ದೂ ಅಲ್ಲ, ನಡುವಿನದು. ದ್ರಾವಣ ಬಹಳ ತೆಳು, ಒಂದು ಸರಪಳಿಗೆ ಇನ್ನೊಂದು ಸಿಗಲೇಬಾರದು. ಅಮ್ಮ ಎಲ್ಲ ಕೇಳಿ "ಪಾಪ, ಒಂಟಿ" ಅಂದಳು. ನನಗೋ ಸರಪಳಿಗೋ ಗೊತ್ತಾಗಲಿಲ್ಲ.

ಕಂಬಣ್ಣನ ಗ್ರಾಫಿನಲ್ಲಿ ಗೂನು ಇದೆ. ಕಂಬಣ್ಣ ನನ್ನ ಸೀನಿಯರ್. ಲ್ಯಾಬಿನ ಬಾಗಿಲಲ್ಲಿ ತಲೆ ತಗ್ಗಿಸಿಯೇ ಬರಬೇಕು, ಅಷ್ಟು ಉದ್ದ, ಅದಕ್ಕೇ ಆ ಹೆಸರು. ತಂತಿಯ ಬಿಗುವು ಹೆಚ್ಚಿಸುತ್ತ ಹೋದರೆ ಒಂದು ಹಂತದಲ್ಲಿ ಸರಪಳಿ ಇದ್ದಕ್ಕಿದ್ದ ಹಾಗೆ ನೆಟ್ಟಗಾಗುತ್ತದೆ, ಗ್ರಾಫಿನಲ್ಲಿ ಗೂನು ಏಳುತ್ತದೆ. ಯಾರೂ ಮೊದಲು ನೋಡಿರದ ಸಂಗತಿ. ಅವನ ಥೀಸಿಸ್ಸಿನ ಜೀವ ಇರುವುದೇ ಆ ಗೂನಿನಲ್ಲಿ. ಅದನ್ನು ನಂಬಿ ಬೇರೆ ಕಡೆ ಅವನಿಗೆ ಕೆಲಸವೂ ಆಗಿದೆ; ಥೀಸಿಸ್ ಕೊಟ್ಟ ಮೇಲೆ ಸೇರುವುದು.

ನನ್ನ ಪಾಲಿಗೆ ಬಂದದ್ದು ಅದೇ ಗೂನನ್ನು ಇನ್ನೂ ಉದ್ದದ ಸರಪಳಿಯಲ್ಲಿ ತೋರಿಸುವುದು. ಇಪ್ಪತ್ತೇಳಕ್ಕೆ ನನ್ನ ಪಿಎಚ್‌ಡಿಯ ಫಸ್ಟ್ ಇಯರ್ ರಿವ್ಯೂ. ಗೂನು ಬಂದರೆ ಎರಡನೇ ವರ್ಷ. ಬರದಿದ್ದರೆ, ಇದು ನಿನಗೆ ಹೊಂದುತ್ತಾ ಅಂತ ಯೋಚನೆ ಮಾಡೋಣ ಅಂದಿದ್ದಾರೆ ನಮ್ಮ ಗೈಡ್ ಮೇಡಂ. ನನ್ನ ಪಕ್ಕದ ಮೇಜು ಖಾಲಿ. ಹೋದ ವರ್ಷ ಅಲ್ಲಿ ಕೂತಿದ್ದವನ ಬಗ್ಗೆಯೂ ಮೇಡಂ ಯೋಚನೆ ಮಾಡಿದ್ದರು.

ಜನವರಿ 8

ಧೈರ್ಯ ಮಾಡಿ ಕಂಬಣ್ಣನಿಗೆ ತೋರಿಸಿದೆ. ಅವನು ಗ್ರಾಫ್ ನೋಡಲಿಲ್ಲ, ನೇರ ಡಬ್ಬದ ಅಳತೆ ನೋಡಿದ. "ಏ ಮರಿ, ಇಷ್ಟು ದೊಡ್ಡ ಡಬ್ಬ ಯಾಕೆ? ಮದುವೆ ಮಾಡ್ತೀಯಾ ಇದರೊಳಗೆ?"

ಡಬ್ಬ ಅಂದರೆ ಸರಪಳಿಯನ್ನೂ ನೀರನ್ನೂ ಇಡುವ ಚೌಕ. ಅದಕ್ಕೆ ನಿಜವಾದ ಗೋಡೆ ಇಲ್ಲ. ಬಲಗಡೆಯಿಂದ ಹೊರಗೆ ಹೋದದ್ದು ಎಡಗಡೆಯಿಂದ ಒಳಗೆ ಬರುತ್ತದೆ, ಮೇಲೆ ಹೋದದ್ದು ಕೆಳಗಿನಿಂದ. ಪುಟ್ಟ ಡಬ್ಬದಲ್ಲೇ ಸಮುದ್ರದ ಭ್ರಮೆ. ನನ್ನ ಸರಪಳಿ ಉದ್ದ, ಹಿಡಿಯದೇ ಹೋದರೆ ಅಂತ ಹೆದರಿ ಧಾರಾಳವಾಗಿ ಜಾಗ ಕೊಟ್ಟಿದ್ದೆ. ಜಾಗ ಅಂದರೆ ನೀರು, ನೀರು ಅಂದರೆ ಕಂಪ್ಯೂಟರಿನ ಟೈಮ್. ಹೊಸಬರ ದುಂದು ಅಂದ ಕಂಬಣ್ಣ. ಗೂನು ಬರದ್ದಕ್ಕೂ ಡಬ್ಬಕ್ಕೂ ಏನಾದರೂ ಸಂಬಂಧ ಇರಬಹುದಾ ಅಂತ ನಾನು ಗೊಣಗಿದೆ.

"ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ" ಅಂದ. ನಗುತ್ತಲೇ ಅಂದ. ತನ್ನ ಡಬ್ಬದ ಫೈಲ್ ಕೊಟ್ಟ. ಲ್ಯಾಬಿನಲ್ಲಿ ಎಲ್ಲರದ್ದೂ ಇದೇ ಅಂತೆ, ಕೈಯಿಂದ ಕೈಗೆ ಬಂದದ್ದು.

ಸಿಟ್ಟು ಬರಲಿಲ್ಲ. ಮೊದಲ ತಿಂಗಳು ಮೆಟ್ಟಿಲ ಮೇಲೆ ಕೂತು ಅಳುತ್ತಿದ್ದಾಗ ಏನೂ ಕೇಳದೆ ಪಕ್ಕ ಕೂತು ಅರ್ಧ ಬ್ರೆಡ್ ಮುರಿದು ಕೊಟ್ಟವನು ಅವನೇ. ನನ್ನ ಮೊದಲ ರನ್, ಅಂದರೆ ಸರ್ವರಿಗೆ ಹಾಕಿದ ಲೆಕ್ಕ, ಅರ್ಧಕ್ಕೇ ಸತ್ತಾಗ, ಅವನ ಮೊದಲ ರನ್ ಇಡೀ ಸರ್ವರನ್ನೇ ಮಲಗಿಸಿತ್ತು ಅಂತ ಹೇಳಿ ನಗಿಸಿದವನೂ ಅವನೇ.

ಜನವರಿ 13

ಬಂತು!! ಕಂಬಣ್ಣನ ಡಬ್ಬದಲ್ಲಿ ಹಾಕಿದ್ದೇ ಗೂನು ಬಂತು. ಒಂಟೆ ಅಂದರೆ ಒಂಟೆ. ಕಂಬಣ್ಣ ನನ್ನ ಮೇಜಿಗೆ ಟಪ್ ಅಂತ ಹೊಡೆದು, ನೆಲ ಸರಿಯಾಯ್ತಾ ಅಂತ ಕೇಳಿದ. ಮೇಡಂ ಬಾಯಿಯ ಒಂದು ಕಡೆಯಿಂದ ನಕ್ಕರು. ಅವರ ಮಟ್ಟಿಗೆ ಅದು ಹಬ್ಬ. ಅಮ್ಮನಿಗೆ ಫೋನ್ ಮಾಡಿದೆ. ಡ್ಯೂಟಿಯಲ್ಲಿದ್ದಳು. ವಾರ್ಡಿನ ಅರ್ಧ ಪೇಷಂಟುಗಳಿಗೆ ನನ್ನ ಗೂನಿನ ಸುದ್ದಿ ಗೊತ್ತಾಗಿರಬೇಕು. ಯಾವ ಡಾಕ್ಟರಿಗೆ ತೋರಿಸಿದಿರಿ ಅಂತ ಒಬ್ಬ ಅಜ್ಜಿ ಕೇಳಿದರಂತೆ.

ಜನವರಿ 14, ಮಧ್ಯಾಹ್ನ

ಊಟ ಸೇರಲಿಲ್ಲ.

ಅದೇ ಸರಪಳಿ, ಅದೇ ತಂತಿ. ದೊಡ್ಡ ಡಬ್ಬದಲ್ಲಿ ಕತ್ತೆ, ಚಿಕ್ಕ ಡಬ್ಬದಲ್ಲಿ ಒಂಟೆ. ಬದಲಾದದ್ದು ನೀರು ಮಾತ್ರ. ಯಾಕೆ?

ಚಿಕ್ಕ ಡಬ್ಬದ ರನ್ನಿನ ವಿಡಿಯೋ ಹಾಕಿ ನೋಡಿದೆ. ಸರಪಳಿ ಚಾಚುತ್ತ ಹೋಯಿತು. ತಲೆ ಬಲಗಡೆಯಿಂದ ಆಚೆ ಹೋಯಿತು, ಎಡಗಡೆಯಿಂದ ಒಳಗೆ ಬಂತು. ಚಿಕ್ಕಂದಿನಲ್ಲಿ ಹಾಸ್ಟೆಲಿನ ಆಯಾಳ ಹಳೇ ಫೋನಿನಲ್ಲಿ ಹಾವಿನ ಆಟ ಆಡುತ್ತಿದ್ದೆವು. ಹಾವು ಒಂದು ಬದಿಯಿಂದ ಹೋಗಿ ಇನ್ನೊಂದು ಬದಿಯಿಂದ ಬರುತ್ತದೆ. ಉದ್ದ ಜಾಸ್ತಿಯಾದಾಗ ತನ್ನ ಬಾಲವನ್ನೇ ಕಚ್ಚಿ ಸಾಯುತ್ತದೆ.

ಇಲ್ಲಿ ಸಾಯುವುದಿಲ್ಲ. ತಲೆ ಬಂದು ತನ್ನದೇ ಬಾಲವನ್ನು ಮುಟ್ಟುತ್ತದೆ. ಮುಟ್ಟಿದ್ದು ತಾನೇ ಅಂತ ಅದಕ್ಕೆ ಗೊತ್ತಿಲ್ಲ. ತಿರುಗಲು ಜಾಗವಿಲ್ಲದೆ, ಅಕ್ಕಪಕ್ಕ ಒತ್ತಿಕೊಂಡು ನೆಟ್ಟಗೆ ನಿಲ್ಲುತ್ತದೆ, ಬೆಳಗಿನ ಬಾತ್‌ರೂಮ್ ಸಾಲಿನಲ್ಲಿ ನಾವು ನಿಲ್ಲುತ್ತಿದ್ದ ಹಾಗೆ. ಅದೇ ಗೂನು. ಒಂಟಿ ಅಂದುಕೊಂಡ ಸರಪಳಿ ಗುಂಪಿನಲ್ಲಿತ್ತು. ಗುಂಪೆಲ್ಲ ಅದೇ.

ನನ್ನದರಲ್ಲಿ ಹೀಗಾದರೆ ಕಂಬಣ್ಣನದರಲ್ಲಿ? ಅವನ ಸರಪಳಿಯ ಉದ್ದ ನೋಡಿದೆ. ನನ್ನದಕ್ಕಿಂತ ಗಿಡ್ಡ, ಆದರೂ ಡಬ್ಬಕ್ಕಿಂತ ಉದ್ದ.

ನನಗೇ ತಪ್ಪು ತಿಳಿದಿರಬಹುದು. ಪ್ಲೀಸ್, ನನಗೇ ತಪ್ಪು ತಿಳಿದಿರಲಿ.

ಜನವರಿ 17

ಎರಡು ದಿನ ಏನೂ ಬರೆಯಲಿಲ್ಲ. ಬರೆದರೆ ನಿಜವಾಗುತ್ತದೆ ಅನ್ನಿಸುತ್ತಿತ್ತು.

ಅಮ್ಮನದು ಶಿಫ್ಟ್, ಅಪ್ಪನದು ವರ್ಷಕ್ಕೊಂದು ಊರು. ಹಾಗಾಗಿ ಹಲ್ಲು ಬೀಳುವ ವಯಸ್ಸಿಗೇ ನನ್ನನ್ನು ಹಾಸ್ಟೆಲಿಗೆ ಬಿಟ್ಟರು. ಇಂಗ್ಲಿಷ್ ಕಲಿಯುವ ಮೊದಲೇ ಅಲ್ಲಿ ಒಂದು ಕಲಿತೆ: ವಾರ್ಡನ್ ಯಾರು ಮಾಡಿದ್ದು ಅಂತ ಕೇಳಿದರೆ ನೆಲ ನೋಡಬೇಕು. ಹೇಳಿದವಳ ಪಕ್ಕ ಯಾರೂ ಊಟಕ್ಕೆ ಕೂರುವುದಿಲ್ಲ. ಒಬ್ಬಳು ಹೇಳಿದ್ದಳು. ಟರ್ಮ್ ಮುಗಿಯುವವರೆಗೂ ಅವಳ ಜಡೆ ಅವಳೇ ಹೆಣೆದುಕೊಂಡಳು.

ಬಾಯಿಬಿಟ್ಟರೆ ಕಂಬಣ್ಣನ ಥೀಸಿಸ್ ಹೋಗುತ್ತದೆ, ಕೆಲಸ ಹೋಗುತ್ತದೆ. ಗೂನೇ ಸುಳ್ಳಾದರೆ ರಿವ್ಯೂನಲ್ಲಿ ತೋರಿಸಲು ನನ್ನ ಹತ್ತಿರವೂ ಏನಿಲ್ಲ. ಬಾಯಿಬಿಡದಿದ್ದರೆ ಇಬ್ಬರೂ ಪಾಸ್. ನುಂಗಲೂ ಆಗದು, ಉಗುಳಲೂ ಆಗದು.

ಅಮ್ಮನ ಫೋನ್ ಬಂತು. ಅರ್ಧಂಬರ್ಧ ಹೇಳಿದೆ. ನಿಜವಾದ ಮಣಿಯಿಲ್ಲ, ನಿಜವಾದ ನೀರಿಲ್ಲ, ಮತ್ತೆ ತಪ್ಪು ಮಾತ್ರ ಹೇಗೆ ನಿಜ ಅಂತ ಕೇಳಿದಳು. ಅವಳಿಗೆ ಉತ್ತರ ಬೇಕಿರಲಿಲ್ಲ. ಆಮೇಲೆ ಅಂದಳು: "ಬೆನ್ನ ಹಿಂದೆ ಹೇಳಿದ್ರೆ ಚಾಡಿ ಕಣೇ. ಎದುರಿಗೆ ಹೇಳಿದ್ರೆ ಮಾತು. ಮೊದ್ಲು ಆ ಹುಡುಗನಿಗೇ ಹೇಳು."

ಜನವರಿ 19

ಹೇಳಿದೆ. ಸರ್ವರ್ ರೂಮಿನ ಹೊರಗೆ, ಆ ಫ್ಯಾನುಗಳ ಗದ್ದಲದಲ್ಲಿ. ಸಣ್ಣದಾಗಿ ಹೇಳಿದ್ದು ಕೇಳಿಸದೆ ಎರಡನೇ ಸಲ ಜೋರಾಗಿ ಹೇಳಬೇಕಾಯಿತು. ಅದು ಇನ್ನೂ ಕೆಟ್ಟದಾಗಿತ್ತು.

ವಿಡಿಯೋ ತೋರಿಸಿದೆ. ತಲೆ ಬಂದು ಬಾಲ ಮುಟ್ಟುವ ಜಾಗಕ್ಕೆ ಅವನೇ ಹಿಂದಕ್ಕೆ ಎಳೆದು ಮತ್ತೆ ನೋಡಿದ. ಮತ್ತೊಮ್ಮೆ. ಮುಖದಲ್ಲಿ ಏನೂ ಇಲ್ಲ.

"ನಿನ್ನ ಸರಪಳಿ ಉದ್ದ. ನಿನ್ನದರಲ್ಲಿ ಆಗಿರಬಹುದು."

"ನಿಮ್ಮದೂ ಡಬ್ಬಕ್ಕಿಂತ ಉದ್ದ, ಅಣ್ಣಾ."

"ಮೇಡಂಗೆ ಹೇಳಿದೀಯಾ?"

ಇಲ್ಲ ಅಂದೆ.

"ರಿವ್ಯೂಗೆ ಗೂನು ಇದೆಯಲ್ಲ, ತೋರಿಸು. ಪಾಸಾಗು. ಆಮೇಲೆ ನೋಡೋಣ."

ಆಮೇಲೆ ಅಂದರೆ ಯಾವಾಗ ಅಂತ ಕೇಳಬೇಕಿತ್ತು. ಅಷ್ಟರಲ್ಲಿ ಅವನು ಹೊರಟಿದ್ದ. ಬಾಗಿಲಲ್ಲಿ ತಲೆ ತಗ್ಗಿಸಲು ಮರೆತ. ಹಣೆ ಬಡಿದ ಸದ್ದು ಫ್ಯಾನುಗಳ ನಡುವೆಯೂ ಕೇಳಿಸಿತು. ತಿರುಗಿ ನೋಡಲಿಲ್ಲ.

ಜನವರಿ 20

ಕಂಬಣ್ಣನಿಗೆ ಗುಡ್ ಮಾರ್ನಿಂಗ್ ಅಂದೆ, ಹೆಡ್‌ಫೋನ್ ಹಾಕಿಕೊಂಡ. ಅದರ ವೈರ್ ಯಾವುದಕ್ಕೂ ಸಿಕ್ಕಿಸಿರಲಿಲ್ಲ.

ಜನವರಿ 21

ನನಗೇ ಖಚಿತವಾಗಬೇಕು. ಅವನ ಸರಪಳಿ, ಅವನ ತಂತಿ, ನನ್ನ ದೊಡ್ಡ ಡಬ್ಬ — ಹೊಸ ರನ್ ಮಾಡಿ ಸರ್ವರಿನ ಸರದಿಗೆ, ಕ್ಯೂಗೆ, ಹಾಕಿದೆ. ರಿವ್ಯೂ ಹೊತ್ತಿಗೆ ಮುಗಿದರೆ ಪುಣ್ಯ. ಯಾರಿಗೂ ಹೇಳಲಿಲ್ಲ. ಇದು ಬೆನ್ನ ಹಿಂದೆಯೋ ಎದುರಿಗೋ? ಅಮ್ಮನನ್ನು ಕೇಳಲು ನಾಚಿಕೆ.

ಜನವರಿ 23, ಬೆಳಿಗ್ಗೆ

ನನ್ನ ರನ್ ಇಲ್ಲ.

ಸತ್ತದ್ದಲ್ಲ, ಕೊಂದದ್ದು. ಯಾರೋ ಕ್ಯೂನಿಂದ ತೆಗೆದಿದ್ದಾರೆ. ಇನ್ನೊಬ್ಬರ ರನ್ ತೆಗೆಯುವ ಪಾಸ್‌ವರ್ಡ್ ಇರುವುದು ಇಬ್ಬರ ಹತ್ತಿರ: ಮೇಡಂ, ಕಂಬಣ್ಣ. ಮೇಡಂ ಊರಲ್ಲಿಲ್ಲ.

ಅವನ ಕುರ್ಚಿ ಖಾಲಿ. ಕೇಳಲು ಹೋದರೆ ಅಳುತ್ತೇನೆ. ಹೋಗುವುದಿಲ್ಲ. ಅರ್ಧ ಬ್ರೆಡ್ ಕೊಟ್ಟ ಕೈಯಲ್ಲವೇ ಅದು…

ಸಂಜೆ

ಸ್ಲೈಡ್ ಮಾಡಿದೆ. ಗೂನಿನ ಗ್ರಾಫ್ ಹಾಕಿದೆ, ದೊಡ್ಡದಾಗಿ, ನಟ್ಟನಡುವೆ. ಇಷ್ಟು ಸುಲಭದ ಕೆಲಸ ಈ ವರ್ಷ ಮಾಡಿಯೇ ಇರಲಿಲ್ಲ. ಚೆನ್ನಾಗಿ ಕಾಣುತ್ತದೆ. ಅದೇ ಭಯ.

ಜನವರಿ 25

ಏನು ಬರೆಯಲಿ. ಕ್ಯೂ ಸುಮ್ಮನೆ ತೆರೆದೆ, ಹಳೇ ಅಭ್ಯಾಸ. ಸರ್ವರ್ ತುಂಬ ಕಂಬಣ್ಣನ ಹೆಸರು. ಮೂರು ರನ್. ಒಂದೇ ಸರಪಳಿ, ಚಿಕ್ಕ ಡಬ್ಬ, ನಡುವಿನ ಡಬ್ಬ, ದೊಡ್ಡ ಡಬ್ಬ. ಥೀಸಿಸ್ಸಿಗೆ ಬೇಕಾದ ತನ್ನ ಬೇರೆ ಎಲ್ಲ ರನ್ನುಗಳನ್ನೂ ನಿಲ್ಲಿಸಿ ಇವಕ್ಕೆ ಜಾಗ ಮಾಡಿಕೊಟ್ಟಿದ್ದಾನೆ.

ಹಿಂದೆ ಬಂದು ನಿಂತಿದ್ದ. ಹಣೆಯ ಮೇಲೆ ಇನ್ನೂ ಊತ.

"ಹೊಸಬರ ರನ್‌ಗೆ ಕ್ಯೂನಲ್ಲಿ ಕೊನೇ ಜಾಗ. ನಿನ್ನದು ಮುಗಿಯೋಷ್ಟರಲ್ಲಿ ನಿನಗೆ ಮೊಮ್ಮಕ್ಕಳಾಗ್ತಿದ್ರು. ಅದಕ್ಕೇ ತೆಗೆದು ನನ್ನ ಹೆಸರಲ್ಲಿ ಹಾಕಿದೆ. ಹೇಳಬೇಕಿತ್ತು. ಬಾಯಿ ಬರಲಿಲ್ಲ."

ತಲೆ ಆಡಿಸಿದೆ.

ಆಮೇಲೆ ಕುರ್ಚಿ ಎಳೆದು ಕೂತು, ಡಬ್ಬದ ಕಥೆ ಹೇಳಿದ. ಅದನ್ನು ಮಾಡಿದ್ದು ಮೇಡಂ, ಅವರು ಸ್ಟೂಡೆಂಟ್ ಆಗಿದ್ದ ಕಾಲದಲ್ಲಿ. ಆಗಿನ ಸರಪಳಿಗಳು ನೂಲಿನಂಥವು, ನೀರಿನಲ್ಲಿ ಉಂಡೆ ಕಟ್ಟಿ ಕೂರುತ್ತಿದ್ದವು. ಆ ಡಬ್ಬ ಧಾರಾಳವಾಗಿ ಸಾಕಿತ್ತು. ನಾವು ಸರಪಳಿ ಬಿಗಿ ಮಾಡಿದೆವು, ಅದು ಕಾಲು ಚಾಚಿತು, ಡಬ್ಬ ಮಾತ್ರ ಹಾಗೇ ಉಳಿಯಿತು. ಮೇಡಂ ಕೊಟ್ಟದ್ದು ಅಂತ ಯಾರೂ ಅಳತೆ ನೋಡಲಿಲ್ಲ. ಇವನೂ ನೋಡಲಿಲ್ಲ.

ಗೂನು ನಿಜವಾಗಿ ಸರಪಳಿಯದ್ದೇ ಆದರೆ ಮೂರು ಡಬ್ಬದಲ್ಲೂ ಒಂದೇ ಕಡೆ ನಿಲ್ಲಬೇಕು. ಡಬ್ಬದ ಜೊತೆ ಗೂನೂ ನಡೆದರೆ, ಅದು ಡಬ್ಬದ್ದು. ಇಷ್ಟು ಹೇಳಿ ಎದ್ದ. ಅದು ನಿಲ್ಲಲಿ ಅಂತ ನಾನೂ ಬೇಡಿಕೊಂಡೆ. ನಿಜಕ್ಕೂ ಬೇಡಿಕೊಂಡೆ.

ಜನವರಿ 27, ರಿವ್ಯೂ ಕೋಣೆಯ ಹೊರಗೆ

ಬೆಳಿಗ್ಗೆ ಮೂರೂ ಮುಗಿದಿದ್ದವು. ಅಕ್ಕಪಕ್ಕ ಕೂತು ನೋಡಿದೆವು. ಚಿಕ್ಕ ಡಬ್ಬದಲ್ಲಿ ಗೂನು ಎಂದಿನ ಜಾಗದಲ್ಲಿ. ನಡುವಿನದರಲ್ಲಿ ಅದು ಮುಂದೆ ಸರಿದು, ಕುಗ್ಗಿತ್ತು. ದೊಡ್ಡದರಲ್ಲಿ ಕತ್ತೆಯ ಬೆನ್ನು.

ಎದುರು ಕಿಟಕಿಯ ಹೊರಗೆ ಯಾರೋ ಗಾಜು ಒರೆಸುತ್ತಿದ್ದರು, ಅವನು ಅದನ್ನೇ ನೋಡುತ್ತಿದ್ದ. ಕೊನೆಗೆ, "ನೆಲ ಡೊಂಕೇ ಇತ್ತು, ಮರಿ" ಅಂದ.

ಸಾರಿ ಅಂದೆ. ಯಾಕೆ ಅಂತ ಗೊತ್ತಿಲ್ಲ. ಸಾರಿ ಕೇಳಬೇಡ ಅಂದ, ದನಿ ಸ್ವಲ್ಪ ಗಡುಸಾಗಿತ್ತು.

ನನಗಿಂತ ಮೊದಲು ಅವನೇ ಒಳಗೆ ಹೋಗಿದ್ದಾನೆ. ನಾನು ಬೇಡ ಅಂದೆ, ಕೇಳಲಿಲ್ಲ. "ನೀನು ಮೊದಲು ತೋರಿಸಿದ್ರೆ ಹೊಸಬಳಿಗೆ ರನ್ ಮಾಡೋಕೆ ಬರಲ್ಲ ಅಂತಾರೆ. ನಾನು ತೋರಿಸಿದ್ರೆ ಹಾಗನ್ನೋಕಾಗಲ್ಲ."

ಹೊರಗೆ ಬೆಂಚ್ ಮೇಲೆ ಕೂತು ಗೂನಿನ ಸ್ಲೈಡ್ ತೆಗೆದೆ. ಅದರ ಜಾಗಕ್ಕೆ ಕತ್ತೆ ಹಾಕಿದೆ. ತೋರಿಸಲು ಇಷ್ಟೇ ಇರುವುದು.

ಗೋಡೆ ತೆಳು. ಒಳಗಿನ ಮಾತು ಅಲ್ಲಲ್ಲಿ ಕೇಳುತ್ತಿದೆ. ಮೇಡಂ ದನಿ ಏರಿಲ್ಲ, ಅವರದು ಏರುವುದಿಲ್ಲ. ಈ ಡಬ್ಬದ ಅಳತೆ ಯಾರದು ಅಂತ ಕೇಳಿದರು. ಅವರದೇ ಅಂತ ಕಂಬಣ್ಣ ಹೇಳಿಬಿಡಬಹುದಿತ್ತು.

"ನೋಡದೆ ತಗೊಂಡಿದ್ದು ನಾನು, ಮೇಡಂ."

ಆಮೇಲೆ ಸದ್ದಿಲ್ಲ. ಯಾರದೋ ಕುರ್ಚಿ ಸರಿಯಿತು. ಇಷ್ಟು ಹೊತ್ತು ಒಂದು ಗ್ರಾಫನ್ನು ಯಾರೂ ನೋಡುವುದಿಲ್ಲ.

ಕಂಬಣ್ಣ ಹೊರಗೆ ಬಂದ. ಈ ಸಲ ತಲೆ ತಗ್ಗಿಸಲು ಮರೆಯಲಿಲ್ಲ. ಮುಖ ಓದಲಾಗುತ್ತಿಲ್ಲ. ಬಾಗಿಲು ಹಿಡಿದುಕೊಂಡೇ ನಿಂತಿದ್ದಾನೆ. ಇದನ್ನು ಮೊದಲು ನೋಡಿದ್ದು ಯಾರು ಅಂತ ಮೇಡಂ ಕೇಳುತ್ತಿದ್ದಾರಂತೆ. ಅವಳೇ ಹೇಳಲಿ ಅಂದನಂತೆ.

ಕಣ್ಣು ತಾನಾಗಿಯೇ ನೆಲಕ್ಕೆ ಹೋಯಿತು. ಹಾಸ್ಟೆಲಿನ ಕಣ್ಣು. ಎತ್ತಿದೆ.

ಬರೆದದ್ದು ಸಾಕು, ಬಾ ಅನ್ನುತ್ತಿದ್ದಾನೆ. ಒಂದೇ ನಿಮಿಷ. ಹೇಳಬೇಕಾದ್ದು ಇಷ್ಟೇ, ಇಲ್ಲಿ ಒಂದು ಸಲ ಬರೆದುಕೊಂಡರೆ ಅಲ್ಲಿ ನಾಲಿಗೆ ಹೊರಳುತ್ತದೆ. ಮೇಡಂ, ಮೊದಲು ನೋಡಿದ್ದು ನಾ