ಒಳಗಿನ ಲೋಟ

8 ಜನವರಿ, ಸೋಮವಾರ

ಮತ್ತೆ ಬಸ್ಸು ಲೇಟು. ಕ್ರಾಸಿನಲ್ಲಿ ದಾಮೋದರಣ್ಣನ ಹೋಟೆಲ್ ಮುಂದೆ ನಿಂತು ಕಾಫಿ ಕುಡಿದೆವು, ನಾನು ಮತ್ತು ಅಣ್ಣ. ನಮಗೆ ಪೇಪರ್ ಕಪ್. ಒಳಗೆ ಕೂತವರಿಗೆ ಸ್ಟೀಲ್ ಲೋಟ. ಕೊರೋನಾದಲ್ಲಿ ಎಲ್ಲರಿಗೂ ಕಪ್ಪೇ ಇತ್ತು. ಕೊರೋನಾ ಹೋಯಿತು, ನಮ್ಮ ಕಾಲೋನಿಯವರಿಗೆ ಮಾತ್ರ ಕಪ್ ಉಳಿಯಿತು. ಅವ್ವನ ಕಾಲದಲ್ಲಿ ನಮ್ಮ ಜನಕ್ಕೆ ಹೊರಗೆ ಬೇರೆ ಲೋಟ, ಕುಡಿದವರೇ ತೊಳೆದಿಡಬೇಕಿತ್ತಂತೆ. ಈಗ ತೊಳೆಯುವ ಕಷ್ಟವಿಲ್ಲ. ಅಭಿವೃದ್ಧಿ.

ಅಣ್ಣ ಇವತ್ತು ಕೇಳಿಯೇ ಬಿಟ್ಟ. "ದಾಮೋದರಣ್ಣ, ನಂಗೂ ಲೋಟದಲ್ಲಿ ಕೊಡಿ."

"ಲೋಟ ಕಮ್ಮಿ ಉಂಟು ಮಾರಾಯ. ಕಪ್ಪೇ ಕ್ಲೀನ್ ಅಲ್ವಾ?"

ಒಳಗೆ ಸಾಲಾಗಿ ಕವುಚಿಟ್ಟ ಲೋಟಗಳು ನಮಗೇ ಕಾಣುತ್ತಿದ್ದವು.

10 ಜನವರಿ, ಸಂಜೆ

ಶುಕ್ರವಾರ ಅಂತ ಆಯಿತು. ಅಣ್ಣನ ಐಟಿಐ ಹುಡುಗರು, ನಮ್ಮ ಕಾಲೇಜಿನವರು, ಹಾಸ್ಟೆಲ್ ಹುಡುಗಿಯರು. ಒಳಗೆ ಹೋಗಿ ಕೂರುವುದು, ಲೋಟದಲ್ಲಿ ಕೊಡಿ ಎನ್ನುವುದು. ಅಷ್ಟೇ. ಘೋಷಣೆಯೂ ಬೇಡ ಎಂದ ಅಣ್ಣ.

ಅವ್ವ ಕಾಫಿ ತೋಟದ ಕೂಲಿಯಿಂದ ಬಂದು ಕೈ ತೊಳೆಯುತ್ತಿದ್ದಳು. "ಆ ಕಾಫಿ ಕುಡೀದಿದ್ರೆ ಏನಾಗ್ತದೆ ಮಗ?"

"ಅದು ನೀನು ಕುಯ್ದ ಹಣ್ಣು ಕಣವ್ವ."

ಅಣ್ಣನಿಗೆ ಮುಂದಿನ ತಿಂಗಳು ಫಿಟ್ಟರ್ ಪ್ರಾಕ್ಟಿಕಲ್. ಅಂಗೈ ದಡ್ಡುಗಟ್ಟಿದೆ ಎಂದು ಎಲ್ಲರಿಗೂ ತೋರಿಸುತ್ತಾನೆ, ಜಂಬ.

12 ಜನವರಿ

ಬರೆಯಲಾರೆ.

17 ಜನವರಿ. ಆಸ್ಪತ್ರೆ ವರಾಂಡ

ಬರೆಯದಿದ್ದರೆ ತಲೆ ಕೆಡುತ್ತದೆ.

ಶುಕ್ರವಾರ ಹೋಟೆಲಿನೊಳಗೆ ತುಂಬಾ ಹೊತ್ತು ಕೂತ ಮೇಲೆ ದಾಮೋದರಣ್ಣ ಸೋತು ಒಂದು ಲೋಟ ಕಾಫಿ ತಂದಿಟ್ಟರು. ಅಣ್ಣ ಎರಡು ಗುಟುಕು ಕುಡಿದು ನನ್ನ ನೋಡಿ ನಕ್ಕ. ಆಗಲೇ ಪೊಲೀಸ್ ಜೀಪು... ಯಾರು ಫೋನ್ ಮಾಡಿದರೋ. ಏಳುವ ಮೊದಲೇ ಲಾಠಿ. ಹುಡುಗಿಯರಿಗೂ ಬಿತ್ತು. ಓಡಿದೆವು. ತೋಟದ ಬೇಲಿ ಹತ್ತಿರ ತಿರುಗಿ ನೋಡಿದರೆ ಅಣ್ಣನ ಕೈಯಲ್ಲಿ ಲೋಟ. ಗಾಬರಿಯಲ್ಲಿ ಹಿಡಿದುಕೊಂಡೇ ಬಂದಿದ್ದ.

"ಲೋಟ ಕದ್ಕೊಂಡು ಹೋದ್ರು ಅಂತಾರೆ ಕುಸುಮಾ. ಇಟ್ಟು ಬರ್ತೀನಿ."

ಅಂಗಿ ಹಿಡಿದೆಳೆದೆ. ಕೊಸರಿಕೊಂಡು ಹೋದ.

ಟೇಬಲ್ ಮೇಲೆ ಇಡುತ್ತಿದ್ದಾಗಲೇ ಹಿಡಿದರು. ಬಲಗೈಗೇ ಹೊಡೆದರು. ಬಿದ್ದ ಮೇಲೆ ಬೂಟಿನಲ್ಲಿ ತುಳಿದರು. ಎಡಗೈ ಮೂಳೆಯೂ ಮುರಿದಿದೆ.

ಬೇರೆ ಯಾರ ಮನೆಯ ಮಗನಾದರೂ ಎಸೆದು ಓಡುತ್ತಿದ್ದ. ನಮಗೆ ಹುಟ್ಟಿದಾಗಿನಿಂದ ಒಂದೇ ಪಾಠ: ಅವರ ವಸ್ತು ಮುಟ್ಟಬೇಡ, ಮುಟ್ಟಿದರೆ ಇದ್ದಲ್ಲೇ ಇಡು. ಎಷ್ಟು ಚೆನ್ನಾಗಿ ಕಲಿತಿದ್ದ ನನ್ನ ಅಣ್ಣ.

28 ಜನವರಿ, ಭಾನುವಾರ

ಊರಲ್ಲಿ ಶಾಂತಿ ಸಭೆ. ಆಫೀಸರು ಬಂದಿದ್ದರು. ಹೋಟೆಲಿನಲ್ಲಿ ಇನ್ನು ಮೇಲೆ ಎಲ್ಲರಿಗೂ ಪೇಪರ್ ಕಪ್ — ಭೇದಭಾವ ಇಲ್ಲ. ಚಪ್ಪಾಳೆ ಬಿತ್ತು. ಲೋಟಗಳನ್ನು ದಾಮೋದರ ಮನೆಗೆ ಒಯ್ದನಂತೆ. ಹೊಡೆದವರ ಮಾತೇ ಬರಲಿಲ್ಲ. ಅಣ್ಣನ ಮೇಲೆ ಕೇಸು ಮಾತ್ರ ಇದೆ: ದೇವೇಂದ್ರ ಬಿನ್ ಲಕ್ಕಯ್ಯ, ಹೋಟೆಲಿಗೆ ನುಗ್ಗಿ ಗಲಾಟೆ. ನಗು ಬಂತು. ಆಮೇಲೆ ಅಳು ನಿಲ್ಲಲಿಲ್ಲ.

11 ಫೆಬ್ರವರಿ

ಅಣ್ಣ ಮನೆಗೆ ಬಂದಿದ್ದಾನೆ. ಎಡಗೈ ಪ್ಲಾಸ್ಟರಿನಲ್ಲಿ. ಬಲಗೈ ನರಕ್ಕೆ ಪೆಟ್ಟು, ಬೆರಳು ಮಡಚುವುದಿಲ್ಲ. ಮೊದಲಿನ ಹಾಗೆ ಆಗುವುದು ಕಷ್ಟ ಎಂದರು ಡಾಕ್ಟರು. ಪ್ರಾಕ್ಟಿಕಲ್ ಮುಗಿದೇಹೋಯಿತು.

ಅವ್ವ ನಮ್ಮ ಮನೆಯ ಲೋಟದಲ್ಲೇ ಕಾಫಿ ಕೊಟ್ಟಳು. ಜಾರಿ ಬಿತ್ತು. ಒರೆಸಿ ಮತ್ತೆ ಕೊಟ್ಟಳು. ಬಿತ್ತು. ಸಂಜೆ ಅಂಗಡಿಗೆ ಹೋಗಿ ಸೆರಗಿನಲ್ಲಿ ಏನೋ ಸುತ್ತಿಕೊಂಡು ಬಂದಳು. ಪೇಪರ್ ಕಪ್ ಪ್ಯಾಕೆಟ್.

"ಇದು ಹಗುರ ಮಗ. ಸಲೀಸಾಗ್ತದೆ."

ಅಣ್ಣ ಗೋಡೆ ಕಡೆ ತಿರುಗಿಕೊಂಡ. ಅವ್ವನಿಗೆ ಆಗ ಹೊಳೆಯಿತು. ಪ್ಯಾಕೆಟ್ ಒಲೆಗೆ ಹಾಕಿ ಅಲ್ಲೇ ಕುಕ್ಕರಿಸಿದಳು.

12 ಫೆಬ್ರವರಿ, ಬೆಳಿಗ್ಗೆ

ಬಾಗಿಲಲ್ಲಿ ಕೂತು ಬರೆಯುತ್ತಿದ್ದೇನೆ. ಅಣ್ಣ ಎದ್ದವನೇ ಲೋಟ ಕೇಳಿದ. ಖಾಲಿ ಅಲ್ಲ, ಕಾಫಿ ಹಾಕಿಯೇ. ಅವ್ವ ಅವನ ಬೆರಳುಗಳನ್ನು ಲೋಟಕ್ಕೆ ಸುತ್ತಿಸಿ, ತನ್ನ ಕೈ ಮೇಲಿಟ್ಟು ಹಿಡಿದಿದ್ದಾಳೆ.

"ಬಿಡವ್ವ, ನಾನ್ ಹಿಡ್ಕೋತೀನಿ."

"ಬಿಸಿ ಉಂಟು ಮಗ."

"ಬಿಡು."

ಬಿಡುತ್ತಿಲ್ಲ. ಅವನು ಮತ್ತೆ ಹೇಳುತ್ತಿದ್ದಾನೆ, ಮೆಲ್ಲಗೆ. ಅವ್ವ ನನ್ನ ಕಡೆ ನೋಡುತ್ತಾಳೆ. ತನ್ನ ಒಂದು ಬೆರಳು ತೆಗೆದಳು. ಇನ್ನೊಂದು. ಈಗ ಕೊನೆಯದು...