ಅಜ್ಜನನ್ನು ಕೇಳದ ಹದಿನೈದು

ಇರ್ಬಿದ್, ಭಾನುವಾರ

ಮಾನ್ಯ ವಸ್ಫಿ ಅವರಿಗೆ ಸುಹೈರ್ ಮಾಡುವ ವಂದನೆಗಳು.

ಪ್ರೋಗ್ರಾಮರ್ ಕೆಲಸಕ್ಕೆ ಗುರುವಾರ ನಡೆದ ಆನ್‌ಲೈನ್ ಸಂದರ್ಶನದಲ್ಲಿ ನನಗೆ ಹೊರಗಿನವರ ನೆರವು ಸಿಕ್ಕಿತೆಂದು ನೀವು ನನ್ನ ಅರ್ಜಿಯನ್ನು ತಡೆಹಿಡಿದಿದ್ದೀರಿ. ನಿಮಗೆ ಕೇಳಿಸಿದ ದನಿ ನನ್ನ ತಾಯಿಯದು. ಅವರು ಹೊರಗಿರಲಿಲ್ಲ, ಅದೇ ಕೋಣೆಯಲ್ಲಿ ಅಕ್ಕಿ ತುಂಬಲು ಬದನೆಕಾಯಿ ಕೊರೆಯುತ್ತಿದ್ದರು.

ವಂಶವೃಕ್ಷದಂತೆ ಸಂಖ್ಯೆಗಳನ್ನು ಜೋಡಿಸುವ ಬೈನರಿ ಸರ್ಚ್ ಟ್ರೀ ಎಂಬ ಮರದಲ್ಲಿ ಪ್ರತಿ ಸಂಖ್ಯೆಯ ಎಡಗಡೆಯ ಸಂತಾನವೆಲ್ಲ ಅದಕ್ಕಿಂತ ಚಿಕ್ಕದಾಗಿ, ಬಲಗಡೆಯದೆಲ್ಲ ದೊಡ್ಡದಾಗಿ ಇರಬೇಕು. ನೀವು ಕೊಟ್ಟ ಮರ ಸರಿಯಿದೆಯೇ ಎಂದು ನಾನು ಹೇಳಬೇಕಿತ್ತು. ಎಲ್ಲಕ್ಕೂ ಮೇಲೆ ಇಪ್ಪತ್ತು, ಅದರ ಕೆಳಗೆ ಬಲಕ್ಕೆ ಮೂವತ್ತು, ಮೂವತ್ತರ ಕೆಳಗೆ ಎಡಕ್ಕೆ ಹದಿನೈದು. ನಾನು ಪ್ರತಿ ಮಗುವನ್ನೂ ಅದರ ತಂದೆಯೊಂದಿಗೆ ಮಾತ್ರ ಹೋಲಿಸುತ್ತ, ಗಟ್ಟಿಯಾಗಿ ವಿವರಿಸುತ್ತ ಹೋಗಿ, ಮರ ಸರಿಯಿದೆ ಎಂದುಬಿಟ್ಟೆ.

ಆಗ ತಾಯಿ, "ಅಪ್ಪನ್ನ ಕೇಳಿಬಿಟ್ರೆ ಆಯ್ತೇನೇ? ಮೇಲೆ ಅಜ್ಜ ಕೂತಿಲ್ವಾ? ಅವನು ಹೂಂ ಅನ್ನದೆ ಹೆಣ್ಣು ಕೇಳೋಕೆ ಬಂದೋರು ಕಾಫಿ ಬಟ್ಟಲು ಮುಟ್ತಾರಾ?" ಎಂದರು.

ನೀವು ನಗಲಿಲ್ಲ. ನಾನು ಹದಿನೈದರ ಅಜ್ಜನಾದ ಇಪ್ಪತ್ತನ್ನು ನೋಡಿದೆ. ಅದರ ಬಲಗಡೆಯ ಸಂತಾನದಲ್ಲಿ ಹದಿನೈದಕ್ಕೆ ಜಾಗವೇ ಇರಲಿಲ್ಲ. ಆಮೇಲೆ ಮರವನ್ನು ಪರೀಕ್ಷಿಸಲು ಹತ್ತು ನಿಮಿಷದಲ್ಲಿ ಬರೆದ ಕೋಡ್ ಪೂರ್ತಿ ನನ್ನದೇ. ಅಷ್ಟರಲ್ಲಿ ಅವರು ಬದನೆಕಾಯಿಗೆ ಮರಳಿದ್ದರು.

ನಲವತ್ತೇಳರ ವಯಸ್ಸಿನಲ್ಲಿ, ಹನ್ನೊಂದು ವರ್ಷ ಕೆಲಸ ಬಿಟ್ಟಿದ್ದವಳನ್ನು ಸಂದರ್ಶನಕ್ಕೆ ಕರೆದವರು ನೀವೊಬ್ಬರೇ. ದಯವಿಟ್ಟು ಬೇರೊಂದು ಪ್ರಶ್ನೆ ಕೊಡಿ. ಆ ಹೊತ್ತಿಗೆ ತಾಯಿಯನ್ನು ಅಕ್ಕನ ಮನೆಗೆ ಕಳಿಸಿರುತ್ತೇನೆ.

ತಪ್ಪು ಕಂಡುಹಿಡಿದವರಿಗೇ ಕೆಲಸ ಎಂದು ನೀವು ತೀರ್ಮಾನಿಸಿದರೆ, ಅದನ್ನೂ ವಿಚಾರಿಸಿದ್ದೇನೆ. ತಾಯಿಗೆ ಎಪ್ಪತ್ತೆರಡು ವರ್ಷ, ಕೆಲಸಕ್ಕೆ ಒಪ್ಪಿಗೆಯಿದೆ. ಆದರೆ ಕಂಪ್ಯೂಟರ್ ಮುಟ್ಟುವುದಿಲ್ಲವಂತೆ. ದಿನವಿಡೀ ಕೂತು ಬೇರೆಯವರ ತಪ್ಪು ಹೇಳುತ್ತಾರಂತೆ.

ನಿಮ್ಮ ಉತ್ತರಕ್ಕೆ ಕಾದಿರುವ,
ಸುಹೈರ್