ಗೋಣಿಚೀಲ ಮೊಳೆಯಲ್ಲೇ ಇದೆ

ಎಬ್ಬಿಸಿ ಹೇಳಲೋ ಬೇಡವೋ ಎಂದು ನಿನ್ನ ಬಾಗಿಲಲ್ಲಿ ನಿಂತಿದ್ದೆ, ಅಕ್ಕಾ. ನೀನು ಹೀಗೆ ನಿದ್ದೆ ಮಾಡಿ ಎಷ್ಟು ದಿನವಾಯಿತೋ ಎನಿಸಿತು. ಬರೆದಿಟ್ಟು ಹೊರಟಿದ್ದೇನೆ.

ನಾಯಿಮರಿಯೂ ಬೆಕ್ಕಿನಮರಿಯೂ ಕಾಣದಿದ್ದರೆ ಹೆದರಬೇಡ. ಕೆಳಗಿನ ಬೀದಿಯಲ್ಲಿ ಹುಚ್ಚುನಾಯಿ ಕರುವಿಗೆ ಕಚ್ಚಿದಾಗಿನಿಂದ ಅಮ್ಮನದು ಒಂದೇ ಮಾತು: "ಎರಡನ್ನೂ ಗೋಣಿಚೀಲಕ್ಕೆ ತುಂಬಿ ಊರಾಚೆಯ ಹುಲ್ಲುಕಾವಲಲ್ಲಿ ಬಿಟ್ಟು ಬಾರೋ." ಹಿಂದಿನ ಬೆಕ್ಕನ್ನು ಅಪ್ಪ ಹಾಗೆಯೇ ಬಿಟ್ಟು ಬಂದಿದ್ದರು, ದಾರಿಯ ಗುರುತು ಸಿಗದಿರಲೆಂದು. ನಾನು ಹಾಗೆ ಮಾಡಿಲ್ಲ. ಹಿತ್ತಲ ಬಾಗಿಲ ಹಿಂದೆ ನೋಡು, ಗೋಣಿಚೀಲ ಮೊಳೆಯಲ್ಲೇ ಇದೆ. ಬಿದಿರುಬುಟ್ಟಿಯಲ್ಲಿ ಕೂರಿಸಿಕೊಂಡು, ಚುಚ್ಚುಮದ್ದು ಹಾಕಿಸಲು ತರೀಕೆರೆಯ ದನದ ಆಸ್ಪತ್ರೆಗೆ ಹೋಗುತ್ತಿದ್ದೇನೆ. ಮೊನ್ನೆ ವಿಚಾರಿಸಲು ಹೋದಾಗ ಅಲ್ಲಿನ ಕಾಂಪೌಂಡರ್ ತೀರ್ಥಪ್ಪ, "ಬೆಕ್ಕಿಗೂ ಸೂಜಿನಾ? ಬಿ.ಎ. ಓದಿದ್ದು ಇದಕ್ಕೇನೋ?" ಅಂತ ನಕ್ಕ. ನಗಲಿ. ಇಷ್ಟು ಸಣ್ಣ ಮರಿಗಳು ಮದ್ದನ್ನು ತಡೆದುಕೊಳ್ಳುತ್ತವೋ ಇಲ್ಲವೋ ಎಂಬುದೇ ನನ್ನ ಭಯ.

ನಿನ್ನ ಮುಂಗೈ ಮೇಲೆ ಬೆಕ್ಕಿನಮರಿ ಪರಚಿದ ಗೀರನ್ನು ಸೋಪು ಹಚ್ಚಿ ಚೆನ್ನಾಗಿ ತೊಳೆದುಕೋ. ಅರಿಶಿನ ಸಾಕು ಎನ್ನಬೇಡ, ಸಂಜೆ ಡಾಕ್ಟರಿಗೆ ತೋರಿಸೋಣ. ಮರಿಗಳ ಹಾಲನ್ನು ಬೇರೆ ತೆಗೆದಿಡು. ಅಮ್ಮನ ಕೈಗೆ ಸಿಕ್ಕರೆ ಹೆಪ್ಪು ಹಾಕಿಬಿಡುತ್ತಾಳೆ.

ಕಡೂರಿನ ಗಂಡನ ಮನೆಯಿಂದ ಬಂದ ಮೇಲೆ ನೀನು ನಮ್ಮಲ್ಲಿ ಯಾರೊಡನೆಯೂ ಮಾತಾಡಿರಲಿಲ್ಲ. ಮೊದಲು ಬಾಯಿಬಿಟ್ಟದ್ದು ಬೆಕ್ಕಿನಮರಿಯ ಹತ್ತಿರ: "ಹಸಿವಾಯ್ತೇನೇ?" ಹಿತ್ತಲಲ್ಲಿ ನಿಂತು ಕೇಳಿಸಿಕೊಂಡೆ.

ಇವೆರಡೂ ದಾರಿಯಲ್ಲಿ ಸಿಕ್ಕವು ಎಂದಿದ್ದೆ. ನಿನಗಾಗಿಯೇ ಹುಡುಕಿ ತಂದೆ ಎಂದು ಹೇಳಲೇ ಇಲ್ಲ.